ಗಟಾರ ದಾಟಿ ಬರುವ ಪೈಪನ್ನು ಮೊದಲು ಬದಲಿಸಿ
ಸಿಂಧನೂರು, ಲಿಂಗಸುಗೂರು, ಮಸ್ಕಿಯ ಮನೆಮಾಲೀಕರಿಗೆ ಒಂದು ಬಹಿರಂಗ ಪತ್ರ

ಮೂರೂ ಊರಿನ ಮನೆ ಯಜಮಾನರಿಗೆ, ಯಜಮಾನತಿಯರಿಗೆ,



ಭತ್ತ, ಜೋಳದ ರಾಶಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ನಮ್ಮ ಕಡೆ ಮನೆ ರಿಪೇರಿ ಶುರುವಾಗುತ್ತದೆ. ಬಚ್ಚಲಿಗೆ ಟೈಲ್ಸ್ ಕೂಡಿಸುತ್ತೇವೆ, ಮಾಳಿಗೆ ಸೋರುವುದನ್ನು ನಿಲ್ಲಿಸುತ್ತೇವೆ, ಜಂಗು ಹಿಡಿದ ಕಬ್ಬಿಣದ ಪೈಪ್ ಕೀಳಿಸಿ ಪ್ಲಾಸ್ಟಿಕ್ ಪೈಪ್ ಹಾಕಿಸುತ್ತೇವೆ. ಆ ಖರ್ಚಿಗೆ ಕೈ ಹಾಕುವ ಮುಂಚೆ ಒಂದು ಮಾತು ಕೇಳಿ ಎಂದು ಬೇಡಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಬದಲಾಗಬೇಕಾದ ಪೈಪ್ ನಿಮ್ಮ ಬಚ್ಚಲಿನಲ್ಲಿಲ್ಲ, ಅಡಿಗೆಮನೆಯಲ್ಲೂ ಇಲ್ಲ. ಅದು ಬೀದಿಯ ದೊಡ್ಡ ಪೈಪಿನಿಂದ ನಿಮ್ಮ ಹೊಸ್ತಿಲವರೆಗೆ ಮಣ್ಣಿನಲ್ಲಿ ಹೂತಿದೆ. ಹತ್ತಿಪ್ಪತ್ತು ಅಡಿ ಉದ್ದವಿರಬಹುದು. ಅದನ್ನು ಹಾಕಿದ್ದು ಅಪ್ಪನೋ ಅಜ್ಜನೋ. ಆಮೇಲೆ ಅದರ ಮೇಲೆ ಗಟಾರ ಬಂತು, ಡಾಂಬರು ಬಂತು, ಸಿಸಿ ರಸ್ತೆ ಬಂತು. ಪೈಪ್ ಮಾತ್ರ ಅಲ್ಲೇ ಉಳಿಯಿತು. ನಗರಸಭೆಯವರು ಅದು ಮನೆಯವರದ್ದು ಎನ್ನುತ್ತಾರೆ, ಮನೆಯವರು ನಗರಸಭೆಯದ್ದು ಎಂದುಕೊಳ್ಳುತ್ತಾರೆ. ಹಾಗಾಗಿ ಅದನ್ನು ಯಾರೂ ನೋಡುವುದಿಲ್ಲ.

ನೋಡಲೇಬೇಕಾದ ಕಾರಣ ಹೀಗಿದೆ. ನಮ್ಮ ಊರುಗಳಲ್ಲಿ ನಳದ ನೀರು ದಿನವಿಡೀ ಬರುವುದಿಲ್ಲ. ಸಿಂಧನೂರು, ಮಸ್ಕಿ ಕಡೆಗೆ ತುಂಗಭದ್ರಾ ಎಡದಂಡೆ ನಾಲೆಯ ನೀರು, ಲಿಂಗಸುಗೂರು ಕಡೆಗೆ ಕೃಷ್ಣೆಯ ನೀರು. ಬೇಸಿಗೆಯಲ್ಲಿ ನಾಲೆ ಬಂದ್ ಆದರೆ ಕೆರೆಯಲ್ಲಿ ತುಂಬಿಟ್ಟದ್ದೇ ಗತಿ. ಆದ್ದರಿಂದ ಸರದಿಯ ಮೇಲೆ, ಕೆಲವು ದಿನಕ್ಕೊಮ್ಮೆ, ಕೆಲವು ತಾಸು ಮಾತ್ರ ನೀರು ಬಿಡುತ್ತಾರೆ. ನೀರು ತುಂಬಿ ಒತ್ತಡವಿರುವಾಗ ಪೈಪಿನ ಬಿರುಕಿನಿಂದ ನೀರು ಹೊರಗೆ ಸೋರುತ್ತದೆ. ವಾಲ್ ಬಂದ್ ಮಾಡಿದ ಮೇಲೆ ಪೈಪಿನಲ್ಲಿದ್ದ ನೀರು ತಗ್ಗಿನ ಕಡೆ ಇಳಿದುಹೋಗುತ್ತದೆ, ಒಳಗೆ ಖಾಲಿಯಾಗುತ್ತದೆ, ಅದೇ ಬಿರುಕಿನಿಂದ ಹೊರಗಿನದ್ದು ಒಳಗೆ ಎಳೆದುಕೊಳ್ಳುತ್ತದೆ. ಹೊರಗಿರುವುದು ಗಟಾರದ ನೀರಾದರೆ ಒಳಗೆ ಬರುವುದೂ ಅದೇ. ಮುಂದಿನ ಸರದಿಯ ಮೊದಲ ಕೊಡ ನಿಮ್ಮ ಮನೆಗೆ ಬರುವುದು ಅದನ್ನು ಹೊತ್ತುಕೊಂಡೇ.

ಇದು ಊಹೆಯ ಮಾತಲ್ಲ, ನಮ್ಮ ಉತ್ತರ ಕರ್ನಾಟಕದಲ್ಲೇ ಇದನ್ನು ಅಳೆದು ನೋಡಿದ್ದಾರೆ. 2008ರ ಸುಮಾರಿಗೆ ವಿಶ್ವಬ್ಯಾಂಕಿನ ನೆರವಿನ ಯೋಜನೆಯಲ್ಲಿ ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಿಗೆ 24 ತಾಸೂ ನೀರು ಕೊಡುವ ಪ್ರಯೋಗ ನಡೆಯಿತು. ಆ ವಾರ್ಡುಗಳಲ್ಲಿ ಬೀದಿಯ ಪೈಪಿನ ಜೊತೆಗೆ ಮನೆಮನೆಗೆ ಹೋಗುವ ಪೈಪನ್ನೂ ಹೊಸದಾಗಿ ಹಾಕಿದರು. ಆಮೇಲೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದ ಸಂಶೋಧಕರು ಹುಬ್ಬಳ್ಳಿ–ಧಾರವಾಡದ ಹಳೆ ಪದ್ಧತಿಯ ವಾರ್ಡು, ಹೊಸ ಪದ್ಧತಿಯ ವಾರ್ಡು ಎರಡರ ನಳದ ನೀರನ್ನೂ ಪರೀಕ್ಷೆ ಮಾಡಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಸರದಿಯ ಮೇಲೆ ನೀರು ಬರುವ ಕಡೆ ನೂರು ಮಾದರಿಯಲ್ಲಿ ಸುಮಾರು 32ರಲ್ಲಿ ಮಲದಿಂದ ಬರುವ ಇ. ಕೋಲಿ ಬ್ಯಾಕ್ಟೀರಿಯಾ ಸಿಕ್ಕಿತು. ಸದಾ ನೀರಿರುವ ಹೊಸ ಪೈಪಿನ ಕಡೆ ನೂರಕ್ಕೆ ಒಂದೂ ಇರಲಿಲ್ಲ. ಎರಡೂ ಕಡೆ ನೀರು ಶುದ್ಧೀಕರಣವಾಗಿಯೇ ಹೊರಟಿತ್ತು, ಕೆಟ್ಟದ್ದು ದಾರಿಯಲ್ಲಿ. ಬಂದ್ ಆಗಿದ್ದ ನೀರು ಮತ್ತೆ ಬಿಟ್ಟಾಗ ಮೊದಲು ಬರುವ ನೀರು, ಒತ್ತಡ ತಗ್ಗಿದಾಗ ಬರುವ ನೀರು ಹೆಚ್ಚು ಕೆಟ್ಟಿರುತ್ತದೆ ಎಂಬುದೂ ಅವರ ಮುಂದಿನ ಅಧ್ಯಯನದಲ್ಲಿ ಕಂಡಿತು.

ಸದಾ ನೀರು ಕೊಡುವುದು ನಿಮ್ಮ ಕೈಯಲ್ಲಿಲ್ಲ, ನನ್ನ ಕೈಯಲ್ಲೂ ಇಲ್ಲ. ಬಿರುಕಿಲ್ಲದ ಪೈಪ್ ಹಾಕಿಸುವುದು ನಮ್ಮ ಕೈಯಲ್ಲಿದೆ.

ನೀರು ಕೆಟ್ಟರೆ ಏನಾಗುತ್ತದೆ ಎಂದು ನಮ್ಮ ಜಿಲ್ಲೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 2022ರ ಮೇ–ಜೂನ್‌ನಲ್ಲಿ ರಾಯಚೂರು ನಗರದಲ್ಲಿ ನಳದ ನೀರು ಕುಡಿದವರು ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದರು, ಹಲವರು ಜೀವ ಕಳೆದುಕೊಂಡರು. ಮರುವರ್ಷ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲೂ ಸಾವುಗಳಾದವು. ರಾಯಚೂರಿನಲ್ಲಿ ಶುದ್ಧೀಕರಣ ಘಟಕದ ನಿರ್ವಹಣೆಯ ಮೇಲೆಯೇ ದೂರು ಬಂತು. ಆ ಜವಾಬ್ದಾರಿ ಸರ್ಕಾರದ್ದು, ಅದನ್ನು ನಾವು ಕೇಳುತ್ತಲೇ ಇರಬೇಕು. ಆದರೆ ಘಟಕದಿಂದ ಒಳ್ಳೆ ನೀರು ಹೊರಟ ದಿನವೂ ನಮ್ಮ ಅಂಗಳದ ಗುಂಡಿಯಲ್ಲಿ ಅದು ಕೆಟ್ಟರೆ ಆ ತಪ್ಪನ್ನು ಯಾರ ಮೇಲೆ ಹಾಕೋಣ?

ಗುಂಡಿಯ ಮಾತು ಬಂದಿದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ. ನೀರಿನ ಜೋರು ಕಡಿಮೆ ಎಂದು ಮನೆ ಮುಂದೆ ನೆಲ ಅಗೆದು, ಗುಂಡಿಯ ತಳದಲ್ಲಿ ನಳ ಕೂಡಿಸುವ ರೂಢಿ ನಮ್ಮಲ್ಲಿ ಬಹಳ. ಆ ಗುಂಡಿಯಲ್ಲಿ ಪಾತ್ರೆ ತೊಳೆದ ನೀರು, ಮಳೆ ನೀರು, ಗಟಾರ ಉಕ್ಕಿದ ನೀರು ಎಲ್ಲ ನಿಲ್ಲುತ್ತದೆ. ನಳದ ಬಾಯಿ ಅದರಲ್ಲಿ ಮುಳುಗಿರುವಾಗ ಬೀದಿಯ ವಾಲ್ ಬಂದ್ ಆದರೆ ಗುಂಡಿಯ ನೀರು ನೇರವಾಗಿ ಊರ ಪೈಪಿಗೆ ಸೇರುತ್ತದೆ. ಅದು ನಿಮ್ಮ ಮನೆಗಷ್ಟೇ ಅಲ್ಲ, ಓಣಿಗೆಲ್ಲ ಹೋಗುತ್ತದೆ. ಇನ್ನು ನಳಕ್ಕೆ ನೇರವಾಗಿ ಮೋಟರ್ ಹಚ್ಚುವುದು ಇದಕ್ಕಿಂತ ಕೆಟ್ಟದ್ದು. ಅಕ್ಕಪಕ್ಕದವರ ಪಾಲಿನ ನೀರನ್ನು ಎಳೆಯುವುದರ ಜೊತೆಗೆ, ಎಲ್ಲಿ ಬಿರುಕಿದೆಯೋ ಅಲ್ಲೆಲ್ಲ ಗಟಾರವನ್ನೂ ಎಳೆಯುತ್ತದೆ. ಮೋಟರ್ ಬೇಕೇ ಬೇಕು ಎಂದರೆ ನಳದ ನೀರು ತಾನಾಗಿ ಸಂಪಿಗೆ ಬಿದ್ದು ತುಂಬಲಿ, ಮೋಟರನ್ನು ಸಂಪಿಗೆ ಹಚ್ಚಿ. ಸಂಪಿಗೆ ಬೀಳುವ ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ ಮೇಲಿರಲಿ. ಗುಂಡಿ ಇರುವವರು ಅದನ್ನು ಮುಚ್ಚಿಸಿ ನಳವನ್ನು ನೆಲದ ಮೇಲಕ್ಕೆ ತರಿಸಿ. ಹಳೆ ಪೈಪಿನ ಒಳಗೆ ಕಟ್ಟಿಕೊಂಡ ತುಕ್ಕು ಹೋದರೆ ಜೋರು ತಾನಾಗಿ ಹೆಚ್ಚುತ್ತದೆ, ಎಷ್ಟೋ ಮನೆಗೆ ಗುಂಡಿಯ ಅಗತ್ಯವೇ ಉಳಿಯುವುದಿಲ್ಲ.

ಈಗ ಹೊರಗಿನ ಪೈಪ್ ಹೇಗೆ ಹಾಕಿಸಬೇಕು ಎಂಬುದು. ನಮ್ಮದು ಹೆಚ್ಚಾಗಿ ಎರೆಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ. ವರ್ಷವರ್ಷವೂ ಹೀಗೆ ಉಬ್ಬಿ ಕುಗ್ಗುವ ಮಣ್ಣಿನಲ್ಲಿ ಗಡುಸಾದ ಪೈಪ್ ಹೂತರೆ ಜಾಯಿಂಟುಗಳು ಕಳಚುತ್ತವೆ. ಕಬ್ಬಿಣದ ಪೈಪಾದರೆ ಸವಳು ಎರೆಮಣ್ಣು ಹೊರಗಿನಿಂದಲೂ ತಿನ್ನುತ್ತದೆ. ಆದ್ದರಿಂದ ಬೀದಿಯಿಂದ ಮನೆವರೆಗೆ ಸುರುಳಿಯಲ್ಲಿ ಸಿಗುವ, ಕಪ್ಪು ಮೈಗೆ ನೀಲಿ ಪಟ್ಟೆ ಇರುವ ಎಚ್‌ಡಿಪಿಇ ಪೈಪ್ ನಮ್ಮ ನೆಲಕ್ಕೆ ಒಗ್ಗುತ್ತದೆ. ಅದು ಬಾಗುತ್ತದೆ, ಮುಖ್ಯವಾಗಿ ಮಧ್ಯದಲ್ಲಿ ಒಂದೂ ಜಾಯಿಂಟ್ ಇಲ್ಲದೆ ಒಂದೇ ತುಂಡಿನಲ್ಲಿ ಬರುತ್ತದೆ. ಮೈಮೇಲೆ ಐಎಸ್‌ಐ ಗುರುತಿನ ಜೊತೆ ಐಎಸ್ 4984 ಎಂದು ಅಚ್ಚಾಗಿದೆಯೇ ನೋಡಿ. ತಗ್ಗು ಅಗೆದ ಮೇಲೆ ಕೆಳಗೊಂದು ಪದರ ಉಸುಕು ಹಾಸಿ ಪೈಪ್ ಇಡಿ, ಮೇಲೆ ಮತ್ತೆ ಉಸುಕು ಅಥವಾ ಗರಸು ತುಂಬಿಸಿ. ಅಗೆದು ತೆಗೆದ ಎರೆಮಣ್ಣಿನ ಹೆಂಟೆಯನ್ನೇ ಪೈಪಿನ ಮೇಲೆ ನೂಕಿ ಮುಚ್ಚಲು ಬಿಡಬೇಡಿ.

ಗಟಾರ ದಾಟುವ ಜಾಗದಲ್ಲಿ ನೀವೇ ಎದುರು ನಿಂತು ಕೆಲಸ ಮಾಡಿಸಿ. ಪೈಪ್ ಗಟಾರದ ನೀರು ಹರಿಯುವ ಜಾಗದಲ್ಲಿ ಇರಲೇಬಾರದು. ಗಟಾರದ ಕಾಂಕ್ರೀಟ್ ತಳದ ಕೆಳಗಿನಿಂದ ಅಥವಾ ನೀರು ಏರುವ ಮಟ್ಟಕ್ಕಿಂತ ಮೇಲಿನಿಂದ ದಾಟಲಿ. ದಾಟುವಷ್ಟು ಉದ್ದಕ್ಕೂ ಅದನ್ನು ಮತ್ತೊಂದು ದಪ್ಪ ಪೈಪಿನ ಒಳಗೆ ತೂರಿಸಿ, ಆ ಜಾಗದಲ್ಲಿ ಯಾವ ಜಾಯಿಂಟೂ ಬೇಡ. ಮುಖ್ಯ ಪೈಪಿಗೆ ಕೂಡಿಸುವಲ್ಲಿ ಅದನ್ನು ಬಿಗಿಯಾಗಿ ಅಪ್ಪಿ ಹಿಡಿಯುವ ಸ್ಯಾಡಲ್, ಅದರಿಂದ ಮನೆಗೆ ನೀರು ತೆಗೆಯುವ ಫೆರೂಲ್ ಹಾಕಿಸಿ. ತೂತು ಕೊರೆದು ಟ್ಯೂಬು ಸುತ್ತಿ ತಂತಿ ಬಿಗಿಯುವುದು ನಾಲ್ಕು ದಿನದ ಮಾತು. ಹಳೆ ಸಂಪರ್ಕವನ್ನು ಮುಖ್ಯ ಪೈಪಿನ ಬುಡದಲ್ಲೇ ಮುಚ್ಚಿಸುವುದನ್ನು ಮರೆಯಬೇಡಿ. ಇಲ್ಲವಾದರೆ ಸತ್ತ ಪೈಪಿನ ತುಂಡೇ ಕೊಳೆ ಒಳಬರುವ ಬಾಗಿಲಾಗುತ್ತದೆ. ಸಿಂಧನೂರಿನವರು ನಗರಸಭೆಯ, ಲಿಂಗಸುಗೂರು, ಮಸ್ಕಿಯವರು ಪುರಸಭೆಯ ಅನುಮತಿ ಪಡೆದೇ ಈ ಕೆಲಸ ಮಾಡಿಸಿ. ಅನುಮತಿ ಇಲ್ಲದೆ ಬೀದಿಯ ಪೈಪಿಗೆ ಕೈ ಹಚ್ಚುವಂತಿಲ್ಲ.

ಹೊರಗಿನದು ಮುಗಿದ ಮೇಲೆ ಒಳಗೆ ಬನ್ನಿ. ಕಬ್ಬಿಣದ ಜಿಐ ಪೈಪಿನ ಒಳಮೈಗೆ ಸತುವಿನ ಲೇಪ ಇರುತ್ತದೆ. ಆ ಲೇಪ ಸವೆದ ದಿನದಿಂದ ಜಂಗು ಶುರು. ಬೋರಿನ ಸವಳು ನೀರು ಹಾಯಿಸಿದ ಮನೆಗಳಲ್ಲಿ ಅದು ಬೇಗ ಸವೆಯುತ್ತದೆ. ಬೆಳಿಗ್ಗೆ ಮೊದಲು ಬರುವ ನೀರು ಕೆಂಪಗಿದ್ದರೆ, ಒಂದು ನಳ ಬಿಟ್ಟಾಗ ಇನ್ನೊಂದು ಸೊರಗಿದರೆ, ಗೋಡೆಯಲ್ಲಿ ಕಾರಣವಿಲ್ಲದೆ ತೇವ ಕಂಡರೆ, ಒಂದು ಕಡೆ ಸೋರಿಕೆ ಮುಚ್ಚಿದ ತಿಂಗಳಲ್ಲಿ ಇನ್ನೊಂದು ಕಡೆ ಒಡೆದರೆ ಆ ಪೈಪಿನ ಆಯುಷ್ಯ ಮುಗಿದಿದೆ ಎಂದೇ ತಿಳಿಯಿರಿ. ತೇಪೆ ಹಾಕುತ್ತಾ ಹೋದರೆ ದುಡ್ಡೂ ಹೋಗುತ್ತದೆ, ಗೋಡೆಯೂ ಹಾಳಾಗುತ್ತದೆ. ಕಣ್ಣಿಗೆ ಕಾಣದ ಸೋರಿಕೆ ಹಿಡಿಯಲು ರಾತ್ರಿ ಮಲಗುವಾಗ ಎಲ್ಲ ನಳ ಬಂದ್ ಮಾಡಿ ಮಾಳಿಗೆ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಎಲ್ಲೋ ಹರಿಯುತ್ತಿದೆ. ಸೆಕೆಂಡಿಗೊಂದು ಹನಿ ಬಿದ್ದರೂ ದಿನಕ್ಕೆ ಒಂದು ಕೊಡದಷ್ಟು ನೀರು ಹೋಗುತ್ತದೆ.

ಯಾವ ಪೈಪ್ ಕೊಳ್ಳಬೇಕು? ಹೊಲಕ್ಕೆ ತಂದು ಉಳಿದ ಪೈಪನ್ನು ಮನೆಗೆ ಹಾಕುವುದು ನಮ್ಮ ರೈತ ಮನೆಗಳಲ್ಲಿ ಸಾಮಾನ್ಯ. ದಯವಿಟ್ಟು ಕುಡಿಯುವ ನೀರಿಗೆ ಅದು ಬೇಡ. ಗುರುತಿಲ್ಲದ ಅಗ್ಗದ ಪಿವಿಸಿ ಪೈಪುಗಳಲ್ಲಿ ಪ್ಲಾಸ್ಟಿಕ್ ಕೆಡದಂತೆ ಸೀಸದ ಸಂಯುಕ್ತ ಬೆರೆಸಿರಬಹುದು. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಕುತ್ತು, ಇಷ್ಟಾದರೆ ಅಡ್ಡಿಯಿಲ್ಲ ಎನ್ನುವ ಪ್ರಮಾಣವೇ ಇಲ್ಲ. ಪೈಪುಗಳಲ್ಲಿ ಸೀಸದ ಬಳಕೆಗೆ ಕಡಿವಾಣ ಹಾಕಲು ಕೇಂದ್ರ ಪರಿಸರ ಸಚಿವಾಲಯ 2021ರಲ್ಲಿ ನಿಯಮ ತಂದಿದೆ. ಹಾಗಾಗಿ ಸೀಸ ಇಲ್ಲದ್ದೇ ಎಂದು ಕೇಳಿ, ಪೈಪಿನ ಮೇಲಿನ ಅಚ್ಚು ಓದಿ, ಬಿಲ್ ಪಡೆದು ತನ್ನಿ. ತಣ್ಣೀರಿಗೆ ಯುಪಿವಿಸಿ ಸಾಕು, ಐಎಸ್ 4985 ನೋಡಿ. ಬಿಸಿನೀರಿಗೆ ಸಿಪಿವಿಸಿಯೇ ಬೇಕು, ಐಎಸ್ 15778 ನೋಡಿ. ಗೀಸರ್ ಮತ್ತು ಸೋಲಾರ್‌ನಿಂದ ನೀರು ಹೊರಬರುವ ಬಾಯಿಯ ಹತ್ತಿರ ಮೊದಲ ತುಂಡು ಲೋಹದ್ದಿರಲಿ. ಜಿಐ ಪೈಪನ್ನೇ ಹಾಕಿಸುವವರು ಹಳದಿ ಪಟ್ಟಿಯ ಹಗುರ ಪೈಪನ್ನು ಬಿಟ್ಟು ನೀಲಿ ಪಟ್ಟಿಯ ಮಧ್ಯಮ ದರ್ಜೆಯದ್ದನ್ನಾದರೂ ತನ್ನಿ.

ಸೀಸದ ಮಾತು ಬಂದಿದ್ದರಿಂದ ದೂರದ ಒಂದು ಊರಿನ ಕಥೆಯನ್ನೂ ಕೇಳಿ. ಅಮೆರಿಕದ ಮಿಚಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿ 2014ರಲ್ಲಿ ನೀರಿನ ಮೂಲ ಬದಲಿಸಿದರು. ಹೊಸ ನೀರು ಪೈಪನ್ನು ತಿನ್ನದಂತೆ ಮಾಡಬೇಕಿದ್ದ ಸಂಸ್ಕರಣೆ ಮಾಡಲಿಲ್ಲ. ಬೀದಿಯಿಂದ ಮನೆಗೆ ಹೋಗುತ್ತಿದ್ದ ಹಳೆ ಸೀಸದ ಪೈಪುಗಳಿಂದ ಸೀಸ ಬಿಟ್ಟುಕೊಂಡು ಮಕ್ಕಳ ರಕ್ತಕ್ಕೆ ಸೇರಿತು. ಆಮೇಲೆ ಸಾವಿರಾರು ಮನೆಗಳ ಮುಂದೆ ನೆಲ ಅಗೆದು ಅದೇ ತುಂಡನ್ನು ಬದಲಿಸಬೇಕಾಯಿತು. ಶ್ರೀಮಂತ ದೇಶದ ಮನೆಗಳಲ್ಲೂ ಯಾರ ಕಣ್ಣಿಗೂ ಬೀಳದೆ ಉಳಿದದ್ದು ಬೀದಿಗೂ ಹೊಸ್ತಿಲಿಗೂ ನಡುವಿನ ಪೈಪೇ.

ಒಳಗಿನ ಕೆಲಸದಲ್ಲಿ ಮನೆಯವರು ಕೆಲವನ್ನು ಗಮನವಿಟ್ಟು ನೋಡಬೇಕು. ಯುಪಿವಿಸಿಗೆ ಹಚ್ಚುವ ಸೊಲ್ಯೂಷನ್ ಬೇರೆ, ಸಿಪಿವಿಸಿಯದ್ದು ಬೇರೆ. ಒಂದರ ಬದಲು ಇನ್ನೊಂದು ಹಚ್ಚಿದರೆ ಜಾಯಿಂಟ್ ಇಂದು ಹಿಡಿದಂತೆ ಕಂಡು ನಾಳೆ ಬಿಡುತ್ತದೆ. ಸಾಕೆಟ್ ತರುವ ಬದಲು ಪೈಪಿನ ಬಾಯನ್ನು ಬೆಂಕಿಗೆ ಕಾಯಿಸಿ ಅಗಲ ಮಾಡಿ ಕೂಡಿಸುವುದನ್ನು ಒಪ್ಪಬೇಡಿ. ಅಲ್ಲಿ ಪೈಪ್ ತೆಳುವಾಗುತ್ತದೆ, ಒಡೆಯುವುದೂ ಅಲ್ಲೇ. ಮಾಳಿಗೆ ಮೇಲಿನ ಪೈಪಿಗೆ ನಮ್ಮ ಬಿಸಿಲು ದೊಡ್ಡ ಶತ್ರು. ಬಿಸಿಲಿಗೆ ಪಿವಿಸಿ ಪುಡಿಯಾಗುವಂತಾಗುತ್ತದೆ. 43 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದು ತಡೆಯುವ ಒತ್ತಡ, ತಂಪಿನಲ್ಲಿ ತಡೆಯುವುದರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ ರಾಯಚೂರು ಜಿಲ್ಲೆಗೆ ಆ ಶಾಖ ಹೊಸದಲ್ಲ. ಆದ್ದರಿಂದ ಹೊರಗಿನ ಪೈಪಿಗೆ ತಿಳಿಬಣ್ಣದ ನೀರು ಬೆರೆಸುವ ಪೇಂಟ್ ಹಚ್ಚಿಸಿ, ಇಲ್ಲವೆ ಹೊದಿಕೆ ಹಾಕಿಸಿ. ಎರಡು ಮಹಡಿ ಇದ್ದವರು ಟ್ಯಾಂಕಿನಿಂದ ಇಳಿಯುವ ಮುಖ್ಯ ಪೈಪನ್ನು ಅರ್ಧ ಇಂಚಿನ ಬದಲು ಮುಕ್ಕಾಲು ಇಂಚಿನದ್ದು ಹಾಕಿಸಿದರೆ ನೀರು ಹರಿಯುವ ಜಾಗ ಎರಡು ಪಟ್ಟಿಗೂ ಹೆಚ್ಚಾಗುತ್ತದೆ. ಪ್ರತಿ ಬಚ್ಚಲಿಗೂ ಅಡಿಗೆಮನೆಗೂ ಬೇರೆ ಬೇರೆ ವಾಲ್ ಇರಲಿ. ಒಂದು ಕಡೆ ಕೆಟ್ಟರೆ ಮನೆಗೆಲ್ಲ ನೀರು ನಿಲ್ಲಿಸುವ ಪ್ರಸಂಗ ಬರುವುದಿಲ್ಲ.

ಇನ್ನೊಂದು ಮಾತು ಜೀವಕ್ಕೆ ಸಂಬಂಧಿಸಿದ್ದು. ಹಳೆ ಮನೆಗಳಲ್ಲಿ ಕರೆಂಟಿನ ಅರ್ಥಿಂಗ್ ತಂತಿಯನ್ನು ಕಬ್ಬಿಣದ ನೀರಿನ ಪೈಪಿಗೆ ಕಟ್ಟಿರುವುದುಂಟು. ಪೈಪ್ ತೆಗೆದು ಪ್ಲಾಸ್ಟಿಕ್ ಹಾಕಿದ ದಿನವೇ ಆ ಮನೆಯ ಅರ್ಥಿಂಗ್ ಹೋಯಿತು. ಗೀಸರ್, ಮೋಟರ್, ಗ್ರೈಂಡರ್ ಮುಟ್ಟಿದವರಿಗೆ ಶಾಕ್ ತಗಲುವ ಅಪಾಯ ಅಲ್ಲಿಂದ ಶುರು. ಪೈಪ್ ಕೀಳುವ ಮುಂಚೆ ಕರೆಂಟ್ ಕೆಲಸ ಬಲ್ಲವರನ್ನು ಕರೆಸಿ ತೋರಿಸಿ. ಅರ್ಥಿಂಗಿಗೆ ಬೇರೆಯದೇ ಗುಂಡಿ ತೆಗೆಸಿ, ಅದು ಸಿದ್ಧವಾದ ಮೇಲೆ ಪೈಪಿಗೆ ಕೈ ಹಚ್ಚಲಿ.

ಬೋರಿನ ನೀರಿನ ಪೈಪನ್ನೂ ನಳದ ನೀರಿನ ಪೈಪನ್ನೂ ಒಂದಕ್ಕೊಂದು ಕೂಡಿಸಬೇಡಿ. ಮಧ್ಯೆ ಒಂದು ವಾಲ್ ಹಾಕಿದರೆ ಸಾಕು ಎನ್ನುವ ಮಾತನ್ನು ಒಪ್ಪಬೇಡಿ, ವಾಲ್ ಕೆಟ್ಟ ದಿನ ಬೋರಿನ ನೀರು ಊರ ಪೈಪಿಗೆ ಹೋಗುತ್ತದೆ. ನಮ್ಮ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಹಳೆಯ ಸಂಕಟ. ಹಟ್ಟಿ–ಮಸ್ಕಿ ಶಿಲಾಪಟ್ಟಿಯ ಕೆಲವು ಹಳ್ಳಿಗಳ ಬೋರಿನಲ್ಲಿ ಆರ್ಸೆನಿಕ್ ಕೂಡ ಪತ್ತೆಯಾಗಿದೆ. ಇವೆರಡಕ್ಕೂ ಬಣ್ಣವಿಲ್ಲ, ರುಚಿಯಿಲ್ಲ. ಎಷ್ಟೇ ಒಳ್ಳೆ ಪೈಪ್ ಹಾಕಿದರೂ ಇವು ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಲೀಟರಿಗೆ ಫ್ಲೋರೈಡ್ 1.5 ಮಿಲಿಗ್ರಾಂ ದಾಟಿದರೆ ಆ ನೀರು ಕುಡಿಯಲು ಯೋಗ್ಯವಲ್ಲ ಎನ್ನುತ್ತದೆ ನಮ್ಮ ದೇಶದ ಮಾನದಂಡ. ಬೋರಿನ ನೀರು ಕುಡಿಯುವವರು ಅದನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಲೇಬೇಕು. ಮಾರಾಟಗಾರ ಕೈಯಲ್ಲಿ ಹಿಡಿದು ತೋರಿಸುವ ಟಿಡಿಎಸ್ ಮೀಟರ್ ಫ್ಲೋರೈಡನ್ನೂ ಹೇಳುವುದಿಲ್ಲ, ಆರ್ಸೆನಿಕ್ಕನ್ನೂ ಹೇಳುವುದಿಲ್ಲ, ಗಟಾರ ಬೆರೆತದ್ದನ್ನೂ ಹೇಳುವುದಿಲ್ಲ.

ಕೆಲಸ ಮುಗಿಯಿತೆಂದು ಪ್ಲಂಬರ್ ಹೇಳಿದ ಕೂಡಲೇ ಗೌಂಡಿಯನ್ನು ಕರೆದು ಗಿಲಾಯ ಮಾಡಿಸಬೇಡಿ. ಜಾಯಿಂಟ್ ಒಣಗಲು ಬಿಟ್ಟು, ಕೈಪಂಪಿನಿಂದ ನೀರಿನ ಒತ್ತಡ ಏರಿಸಿ, ಮೀಟರಿನ ಮುಳ್ಳು ಇಳಿಯುತ್ತದೆಯೇ ನೋಡಿ. ಒಂದು ಇಡೀ ದಿನ ನೀರು ತುಂಬಿಟ್ಟು ಪ್ರತಿ ಜಾಯಿಂಟಿಗೂ ಕೈ ಸವರಿ. ತೆರೆದ ಗೋಡೆಯ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಮೊಳೆ ಹೊಡೆಯುವಾಗ, ರಿಪೇರಿ ಮಾಡುವಾಗ ಪೈಪ್ ಎಲ್ಲಿದೆ ಎಂದು ಮಕ್ಕಳಿಗೂ ಗೊತ್ತಾಗುತ್ತದೆ. ಆಮೇಲೆ ಪೈಪನ್ನು ತೊಳೆಯುವುದು. 1000 ಲೀಟರ್ ಟ್ಯಾಂಕಿಗೆ ಸುಮಾರು 200 ಗ್ರಾಂ ಹೊಸ ಬ್ಲೀಚಿಂಗ್ ಪೌಡರನ್ನು ಬಕೆಟ್ ನೀರಿನಲ್ಲಿ ಕದಡಿ, ಗಸಿ ಕುಳಿತ ಮೇಲೆ ತಿಳಿಯನ್ನು ಮಾತ್ರ ಟ್ಯಾಂಕಿಗೆ ಸುರಿಯಿರಿ. ಪ್ರತಿ ನಳದಲ್ಲೂ ವಾಸನೆ ಬರುವವರೆಗೆ ನೀರು ಬಿಟ್ಟು ಬಂದ್ ಮಾಡಿ ರಾತ್ರಿಯೆಲ್ಲ ಹಾಗೇ ಇಡಿ. ಆ ನೀರನ್ನು ಯಾರೂ ಕುಡಿಯಬಾರದು. ಬೆಳಿಗ್ಗೆ ಪೂರ್ತಿ ಹೊರಹಾಕಿ, ವಾಸನೆ ಹೋಗುವವರೆಗೆ ಹೊಸ ನೀರಿನಿಂದ ತೊಳೆಯಿರಿ. ಇಷ್ಟೆಲ್ಲ ಆದ ಮೇಲೂ, ನಳಕ್ಕೆ ಮೊದಲು ಬರುವ ನೀರು ಅಂಗಳಕ್ಕೆ, ಗಿಡಕ್ಕೆ ಹೋಗಲಿ. ಕುಡಿಯುವ ಕೊಡ ಆಮೇಲೆ ಹಿಡಿಯಿರಿ.

ಕೊನೆಯದಾಗಿ, ಈ ಕೆಲಸವನ್ನು ಒಬ್ಬೊಬ್ಬರೇ ಮಾಡಬೇಡಿ. ನಿಮ್ಮ ಪೈಪ್ ಹೊಸದಾಗಿ ಪಕ್ಕದ ಮನೆಯದ್ದು ಗಟಾರದಲ್ಲೇ ಉಳಿದರೆ ಅಲ್ಲಿ ಒಳಗೆಳೆದ ಕೊಳೆ ಬೀದಿಯ ಪೈಪಿನ ಮೂಲಕ ನಿಮ್ಮ ಮನೆಗೂ ಬರುತ್ತದೆ. ಓಣಿಯವರೆಲ್ಲ ಸೇರಿದರೆ ತಗ್ಗು ತೆಗೆಯುವ ಖರ್ಚು ಹಂಚಿಹೋಗುತ್ತದೆ, ಅನುಮತಿಯೂ ಬೇಗ ಸಿಗುತ್ತದೆ. ಬಾಡಿಗೆಗೆ ಮನೆ ಕೊಟ್ಟವರು ಇದರಿಂದ ಹೊರತಲ್ಲ. ಬಾಡಿಗೆದಾರರು ನೆಲ ಅಗೆಸಲಾರರು, ಆದರೆ ಅವರ ಮಕ್ಕಳು ಕುಡಿಯುವುದು ನಿಮ್ಮ ಪೈಪಿನ ನೀರನ್ನೇ.

ಎಲ್ಲಕ್ಕಿಂತ ಮುಖ್ಯ, ನಿಮ್ಮ ಓಣಿಗೆ ಸಿಸಿ ರಸ್ತೆ ಬರುವ ಸುದ್ದಿ ಇದ್ದರೆ ಒಂದು ದಿನವೂ ತಡಮಾಡಬೇಡಿ. ಕಾಂಕ್ರೀಟ್ ಬಿದ್ದ ಮೇಲೆ ಆ ಪೈಪನ್ನು ಮುಟ್ಟಬೇಕೆಂದರೆ ರಸ್ತೆ ಒಡೆಯಬೇಕು. ರಸ್ತೆ ಒಡೆಯಲು ಅನುಮತಿ ಬೇಕು, ಒಡೆದದ್ದನ್ನು ಮತ್ತೆ ಕಟ್ಟಲು ಹಣ ಬೇಕು. ಆಗ ಯಾರೂ ಮುಟ್ಟುವುದಿಲ್ಲ, ಹಳೆ ಪೈಪ್ ಇನ್ನೊಂದು ತಲೆಮಾರಿಗೆ ಉಳಿದುಬಿಡುತ್ತದೆ. ಆದ್ದರಿಂದ ಓಣಿಯ ಹತ್ತು ಮನೆಯವರು ಸಹಿ ಮಾಡಿ ಒಂದು ಅರ್ಜಿ ಬರೆಯಿರಿ. ರಸ್ತೆಯ ಅಂದಾಜು ಪಟ್ಟಿಯಲ್ಲಿ ಮನೆ ನಳದ ಪೈಪ್ ಬದಲಾವಣೆಯನ್ನೂ ಸೇರಿಸಿ, ಅದಾಗದಿದ್ದರೆ ಪ್ರತಿ ಮನೆ ಮುಂದೆ ರಸ್ತೆಯಡಿ ಒಂದು ಖಾಲಿ ದಪ್ಪ ಪೈಪನ್ನಾದರೂ ಹೂತುಬಿಡಿ ಎಂದು ಕೇಳಿ. ಅದರೊಳಗೆ ಇಂದಿನ ಪೈಪನ್ನೂ ತೂರಿಸಬಹುದು, ಮುಂದೆ ಅದು ಕೆಟ್ಟಾಗ ರಸ್ತೆ ಒಡೆಯದೆ ಹೊಸದನ್ನೂ ತೂರಿಸಬಹುದು. ಅರ್ಜಿಯನ್ನು ನಗರಸಭೆಗೆ, ಪುರಸಭೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಒಂದು ಪ್ರತಿಯನ್ನು ವಾರ್ಡಿನ ಸದಸ್ಯರ ಕೈಗೆ ಕೊಡಿ. ಎರೆಮಣ್ಣು ಒಣಗಿ ತಗ್ಗು ತೆಗೆಯಲು ಬರುವುದು ರಾಶಿ ಮುಗಿದ ಮೇಲಿನಿಂದ ಮುಂಗಾರು ಹಿಡಿಯುವವರೆಗೆ ಮಾತ್ರ. ಅಷ್ಟರಲ್ಲಿ ಕೆಲಸ ಮುಗಿಯಬೇಕಾದರೆ ಓಣಿಯ ಸಭೆ ಈ ವಾರವೇ ಆಗಲಿ.

ಇಂತಿ,
ನಿಮ್ಮ ಊರಿನವನೇ ಆದ ಒಬ್ಬ ಮನೆಮಾಲೀಕ